ಸೋರುವ ದೂಮಪ್ಪ

ಒಮಾನಿನಲ್ಲಿ ಮೂವತ್ತೊಂದು ವರ್ಷ ಬಡಗಿ ಕೆಲಸ ಮಾಡಿದ ದೂಮಪ್ಪನಿಗೆ ಅಲ್ಲಿದ್ದ ಊರಿನವರು ಕೊಟ್ಟ ಬಿರುದು ಒಂದೇ ಒಂದು. ಅದು ‘ಸೋರುವ ದೂಮಪ್ಪ’.

ಬಿರುದು ಬಂದ ಬಗೆ ಹೀಗೆ. ಮೂರು ವರ್ಷದ ಹಿಂದೆ ಸಹಮ್ ಎಂಬ ಊರಿನ ಖರ್ಜೂರದ ತೋಟವೊಂದರಲ್ಲಿ ಮಂಗಳೂರು ಕಡೆಯ ನಾಲ್ಕಾರು ಮನೆಯವರು ಸೇರಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಬಾಡಿಗೆ ಶಾಮಿಯಾನ ಯಾಕೆ, ಊರಿನ ಹಾಗೆ ಗರಿಯ ಚಪ್ಪರವನ್ನೇ ಹಾಕುತ್ತೇನೆ ಎಂದು ದೂಮಪ್ಪ ಎದೆ ತಟ್ಟಿಕೊಂಡು ಮುಂದೆ ಬಂದ. ಊರಲ್ಲಿ ತೆಂಗಿನ ಮಡಲು ಹೆಣೆದು ಎಷ್ಟೋ ಮದುವೆಗೆ ಚಪ್ಪರ ಹಾಕಿದ ಕೈ ಅದು. ಆದರೆ ಖರ್ಜೂರದ ಗರಿ ತೆಂಗಿನ ಮಡಲಿನ ಹಾಗೆ ಹೇಳಿದ ಮಾತು ಕೇಳುವ ಪೈಕಿ ಅಲ್ಲ. ಬುಡಕ್ಕೆ ಮುಳ್ಳು, ಎಲೆಗೆ ಸೆಡವು, ಹೆಣೆಯಲು ಹೋದರೆ ಮುರಿದೇ ಹೋಗುತ್ತದೆ. ಕೊನೆಗೆ ಅವನು ಗರಿಗಳನ್ನು ಸುಮ್ಮನೆ ಅಡ್ಡಡ್ಡ ಹಾಸಿ ಕೈತೊಳೆದುಕೊಂಡ. ವರ್ಷಕ್ಕೆ ನಾಲ್ಕು ದಿನ ಮಳೆ ಬೀಳುವ ದೇಶದಲ್ಲಿ, ಆ ನಾಲ್ಕರಲ್ಲಿ ಒಂದು ದಿನ ಹುಡುಕಿಕೊಂಡು ಬಂದ ಹಾಗೆ ಕಥೆಯ ಮೂರನೆಯ ಅಧ್ಯಾಯಕ್ಕೆ ಸರಿಯಾಗಿ ಮಳೆ ಬಂತು. ಭಟ್ಟರ ಪುಸ್ತಕ ಒದ್ದೆಯಾಯಿತು, ಪ್ರಸಾದ ಗಂಜಿಯಾಯಿತು, ಮೈಕು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೈಕು ಸುಮಿತ್‌ನದು. ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವ ಮೂಲ್ಕಿ ಕಡೆಯ ಯುವಕ. ಮರುದಿನ ವಾಟ್ಸಾಪ್ ಗುಂಪಿನಲ್ಲಿ ಆ ಹೆಸರಿಟ್ಟವನೂ ಅವನೇ.

ಹೆಸರು ಅಂಟಿದ್ದು ಅಂಟಿಯೇ ಉಳಿಯಿತು. ಅಂಗಡಿಯಲ್ಲಿ, ಕ್ರಿಕೆಟ್ ಮೈದಾನದಲ್ಲಿ, ಮದುವೆ ಊಟದಲ್ಲಿ, ‘ಯಾವ ದೂಮಪ್ಪ?’ ಎಂದು ಒಬ್ಬ ಕೇಳಿದರೆ ‘ಸೋರುವವನು’ ಎಂದು ಇನ್ನೊಬ್ಬ ಹೇಳುವುದು. ಬರುವ ತಿಂಗಳು ವೀಸಾ ರದ್ದು ಮಾಡಿಸಿ ಹೆಂಡತಿ ವಿನೋದಾಳ ಜೊತೆ ಕಾಯಂ ಆಗಿ ಊರಿಗೆ ಹೋಗುವವನಿಗೆ ಒಂದೇ ಆಸೆ ಉಳಿದಿತ್ತು. ಹೋಗುವ ಮೊದಲು ಈ ಮಣ್ಣಿನಲ್ಲಿ, ಇದೇ ಹಾಳು ಖರ್ಜೂರದ ಗರಿಯಲ್ಲಿ, ಒಂದು ಹನಿ ಸೋರದ ಒಂದು ಚಪ್ಪರ ಹಾಕಬೇಕು. ಆ ಹೆಸರನ್ನು ಇಲ್ಲಿಯೇ ಬಿಟ್ಟು ವಿಮಾನ ಹತ್ತಬೇಕು. ಆದರೆ ಸೋರುವವನಿಗೆ ಚಪ್ಪರದ ಕೆಲಸ ಕೊಡುವ ಧೈರ್ಯ ಯಾರಿಗಿದೆ?

ಕೆಲಸ ತಂದದ್ದು ಉಮರಬ್ಬ. ಸಹಮ್‌ನ ತೋಟಗಳಿಂದ ತರಕಾರಿ, ಖರ್ಜೂರ ತುಂಬಿಕೊಂಡು ಅಲ್ ಖೌದ್ ಬಡಾವಣೆಯ ಮನೆಮನೆಗೆ ಪಿಕಪ್‌ನಲ್ಲಿ ಮಾರುವ ಬ್ಯಾರಿ. ದೂಮಪ್ಪನ ಹಳೆಯ ಗೆಳೆಯ, ಬಾಯಿ ಮಾತ್ರ ಸ್ವಲ್ಪ ಉದ್ದ.

“ಯುನಿವರ್ಸಿಟಿಯ ರೂಬೆನ್ ಸಾರ್ ಉಂಟಲ್ಲ, ಅವರ ಅಂಗಳಕ್ಕೆ ಗರಿಯ ಚಪ್ಪರ ಬೇಕಂತೆ. ಹಬ್ಬ ಅಂತೆ. ಅವರು ಯಹೂದಿ ಜನ ಮಾರಾಯ, ನಮ್ಮ ಪ್ರವಾದಿ ಮೂಸಾ ನೆಬಿಯ ಕಡೆಯವರು. ಬೊಂಬಾಯಿಯ ಆಚೆ ಕೊಂಕಣದ ಮೂಲ. ಊರಿನಿಂದ ಅಮ್ಮ ಬಂದಿದ್ದಾರೆ, ಎಂಬತ್ತೊಂದು ಪ್ರಾಯ. ಆ ಅಮ್ಮನಿಗೆ ಚಪ್ಪರದಲ್ಲಿ ಕೂತು ಹಬ್ಬ ಮಾಡದೆ ಹನ್ನೊಂದು ವರ್ಷ ಆಯ್ತಂತೆ.”

“ಸೋರಬಾರ್ದು ಅಂತ ಹೇಳಿದ್ರಾ?” ದೂಮಪ್ಪ ಮೊದಲು ಕೇಳಿದ್ದೇ ಅದನ್ನು.

ಉಮರಬ್ಬ ಗಂಟಲು ಸರಿಮಾಡಿಕೊಂಡ. “ಹಾಗೆಂಥದ್ದೂ ಹೇಳ್ಲಿಲ್ಲ” ಎಂದ. ಅದು ಸುಳ್ಳೇನೂ ಅಲ್ಲ. ಪೂರ್ತಿ ನಿಜವೂ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು.

ದೂಮಪ್ಪ ಮೂರು ದಿನ ರಜೆ ಹಾಕಿದ. ಸಾಲಿಗೆ ಕಂಬ ನಿಲ್ಲಿಸಿ, ಮೇಲೆ ಬಿದಿರು ಕಟ್ಟಿ, ಮೊದಲು ಮಾಡನ್ನು, ಅಂದರೆ ಮೇಲಿನ ಹೊದಿಕೆಯನ್ನು, ಮುಗಿಸಿದ. ಗರಿಯ ಮುಳ್ಳು ಸವರಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಒಂದರ ಮೇಲೊಂದು ಮೂರು ಪದರ ಹಾಸಿ, ಸಂದು ಕಂಡಲ್ಲೆಲ್ಲ ಎಲೆ ತುರುಕಿ ಹಗ್ಗ ಬಿಗಿದ. ಆಮೇಲೆ ಮೂರು ಬದಿಗೆ ಈಚಲ ಚಾಪೆಯ ಗೋಡೆ. ವಿನೋದಾ ಕೆಳಗೆ ನಿಂತು ಗರಿ ಎತ್ತಿಕೊಡುತ್ತಾ, “ಆ ಅಮ್ಮನ ಹತ್ರ ಒಂದು ಸಲ ಕೇಳಿ ಬನ್ನಿಯಲ್ಲ, ಅವರ ಕ್ರಮ ಹೇಗೋ ಎಂಥದೋ” ಎಂದು ಎರಡು ಸಲ ಹೇಳಿದಳು. “ಚಪ್ಪರಕ್ಕೆ ಎಂಥ ಕ್ರಮ? ನೆರಳು ಕೊಡ್ಬೇಕು, ಸೋರಬಾರ್ದು, ಮುಗೀತು, ಖಲಾಸ್!” ಎಂದು ಮೇಲಿನಿಂದ ಉತ್ತರ ಬಂತು. ಕೇಳಲು ಹೋದರೆ ಅಮ್ಮ ಸಿಗುವ ಹಾಗೂ ಇರಲಿಲ್ಲ. ಮಂಡಿನೋವಿಗೆ ಔಷಧಿ ತೆಗೆದುಕೊಂಡು ಒಳಗೆ ಮಲಗಿದ್ದರು. ಎದ್ದು ಕುಳಿತಾಗೆಲ್ಲ ಉಮರಬ್ಬ ರುಸ್ತಾಕ್ ಪೇಟೆಯಿಂದ ತಂದ ಹನ್ನೆರಡು ಮಾದಲ ಹಣ್ಣುಗಳನ್ನು ಒಂದೊಂದಾಗಿ ಕನ್ನಡಕ ಹಾಕಿಕೊಂಡು ಪರೀಕ್ಷಿಸುತ್ತಿದ್ದರು. ಹಬ್ಬದ ಪ್ರಾರ್ಥನೆಗೆ ಇಡುವ ಹಣ್ಣಿನ ಸಿಪ್ಪೆಯ ಮೇಲೆ ಚುಕ್ಕೆ ಇರಬಾರದಂತೆ, ತುದಿ ಮುರಿದಿರಬಾರದಂತೆ. ಪಾಸಾದದ್ದು ಒಂದು. ಫೇಲಾದ ಹನ್ನೊಂದನ್ನು ವಿನೋದಾ ಉಪ್ಪಿನಕಾಯಿಗೆಂದು ಮನೆಗೆ ಹೊತ್ತುಕೊಂಡು ಹೋದಳು.

ಹಬ್ಬದ ದಿನ ಮಧ್ಯಾಹ್ನ ಮೂರೂವರೆಗೆ ಎಲ್ಲ ಮುಗಿಯಿತು. ಅವತ್ತು ಹುಣ್ಣಿಮೆ. ಹೊತ್ತು ಮುಳುಗಿದರೆ ಹಬ್ಬ ಶುರು. ರೂಬೆನ್ ತಾಯಿಯ ಕೈ ಹಿಡಿದು ಅಂಗಳಕ್ಕೆ ಕರೆತಂದ. ಬಿಳಿ ಸೀರೆ, ಕೈಯಲ್ಲಿ ನಾಲ್ಕು ಕಾಲಿನ ಊರುಗೋಲು, ಚಪ್ಪರದತ್ತ ನೋಡುವಾಗ ಕಣ್ಣಲ್ಲಿ ಮದುವೆಮನೆಯ ಹೊಳಪು.

“ಸಿಂಹಾ ಬಾಯಿ ಅಂತ ನನ್ನ ಹೆಸರು. ಹೆದರಬ್ಯಾಡಪಾ, ನಮ್ಮ ಭಾಷಾದಾಗ ಸಿಂಹಾ ಅಂದ್ರ ಸಂತೋಷ” ಎಂದರು.

ದೂಮಪ್ಪ ಬೆಪ್ಪಾದ. ಮೂರು ದಿನದಿಂದ ಇವರೊಡನೆ ಹಿಂದಿಯಲ್ಲಿ ಹೇಗೆ ಮಾತಾಡುವುದೆಂದು ಅವನು ತಯಾರಿ ಮಾಡುತ್ತಿದ್ದರೆ, ಅಮ್ಮನ ಬಾಯಿಂದ ಹುಬ್ಬಳ್ಳಿ ಕನ್ನಡ! ಯಜಮಾನರು ರೈಲ್ವೆ ಗಾರ್ಡ್ ಆಗಿದ್ದರಂತೆ. ಮದುವೆಯಾಗಿ ಹೋದವರು ಮೂವತ್ತನಾಲ್ಕು ವರ್ಷ ಹುಬ್ಬಳ್ಳಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು. ಆ ಯಜಮಾನರು ಹನ್ನೊಂದು ವರ್ಷದ ಹಿಂದೆ ತೀರಿಕೊಂಡಿದ್ದರು, ಆಮೇಲೆ ಚಪ್ಪರ ಕಟ್ಟುವವರಿರಲಿಲ್ಲ.

“ಅಮ್ಮಾ, ಇಲ್ಲಿ ನೋಡಿ” ಎಂದ ದೂಮಪ್ಪ. ಈ ಒಂದು ಕ್ಷಣಕ್ಕಾಗಿ ಅವನು ಮೂರು ವರ್ಷ ಕಾದಿದ್ದ. ಗಿಡಕ್ಕೆ ನೀರು ಬಿಡುವ ಪೈಪು ಎತ್ತಿ, ನಲ್ಲಿ ಪೂರ್ತಿ ತಿರುಗಿಸಿ, ಚಪ್ಪರದ ನೆತ್ತಿಗೆ ಬಿಟ್ಟ. ನೀರು ಧೋ ಎಂದು ಸುರಿದು ನಾಲ್ಕೂ ಬದಿಯಿಂದ ಹರಿದು ಹೋಯಿತು. ಒಳಗೆ ನಿಂತ ಉಮರಬ್ಬ ಒಣಗಿದ ಎರಡು ಕೈ ಎತ್ತಿ ತೋರಿಸಿದ. ಒಂದು ಹನಿ ಇಲ್ಲ!

ಸಿಂಹಾ ಬಾಯಿಯ ಮುಖದ ಹೊಳಪು ಅಲ್ಲೇ ಆರಿತು.

“ಸೋರಂಗಿಲ್ಲೇನು ಇದು?”

“ಒಂದು ಹನಿ ಇಲ್ಲ ಅಮ್ಮ! ಬೇಕಾದ್ರೆ ಒಳಗೆ ಕೂತು ನೋಡಿ!”

“ಅಯ್ಯ, ಹಂಗಾದ್ರ ಹ್ಯಾಂಗಪಾ? ಭಾಳ ಚಂದ ಕಟ್ಟೀದಿ, ಕೈಗೆ ದೃಷ್ಟಿ ತಾಗಬೇಕು. ಆದ್ರ ಇದು ನಡ್ಯಂಗಿಲ್ಲ. ನನಗ ಸೋರೂ ಹಂದರ ಬೇಕು.”

ಪೈಪು ದೂಮಪ್ಪನ ಕೈಯಿಂದ ಜಾರಿ ಅವನ ಕಾಲನ್ನೇ ತೋಯಿಸಿತು. ಸೋರುವ. ಮೂರು ವರ್ಷ ಬೆನ್ನು ಹತ್ತಿದ ಆ ಮಾತು ಈಗ, ಅವನ ಜೀವಮಾನದ ಅತ್ಯುತ್ತಮ ಕೆಲಸದ ಎದುರಿಗೆ, ಗುರುತು ಪರಿಚಯವಿಲ್ಲದ ಮುದುಕಿಯ ಬಾಯಲ್ಲಿ! ಅವನು ನಿಧಾನಕ್ಕೆ ಉಮರಬ್ಬನ ಕಡೆ ತಿರುಗಿದ.

“ನೀನು ಹೇಳಿದ್ದಲ್ವಾ ಇವರ ಹತ್ರ?”

“ನಾನಲ್ಲ ಮಾರಾಯ, ಅಲ್ಲಾನಾಣೆ…”

ಕೇಳಲು ದೂಮಪ್ಪ ಅಲ್ಲಿರಲಿಲ್ಲ. ಗೇಟು ದಾಟಿ ಹೋಗಿ ಪಿಕಪ್‌ನ ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡ. ಗಾಡಿಯ ಒಳಗೆ ಕಾದ ಬಾಣಲೆಯ ಬಿಸಿ. ಆದರೂ ಇಳಿಯಲಿಲ್ಲ. ಅವನಿಗೆ ಅಳು ಬಂದಿತ್ತು, ಅದು ಬೆವರಿನ ಜೊತೆ ಸೇರಿಹೋಗಲಿ ಎಂದು ಕುಳಿತಿದ್ದ. ವಿನೋದಾ ಬಂದು ಕಿಟಕಿ ತಟ್ಟಿದಳು, ರೂಬೆನ್ ಬಂದು ಇಂಗ್ಲಿಷಿನಲ್ಲಿ ಸಾರಿ ಹೇಳಿದ. ದೂಮಪ್ಪ ಎದುರಿನ ಗಾಜನ್ನೇ ನೋಡುತ್ತಿದ್ದ.

ಆಮೇಲೆ ಟಕ್ ಟಕ್ ಎಂದು ಊರುಗೋಲಿನ ಸದ್ದು. ಅಂಗಳದಿಂದ ರಸ್ತೆಗೆ ಮೂರು ಮೆಟ್ಟಿಲು. ಆ ಮಂಡಿಯಲ್ಲಿ ಮೂರೂ ಮೆಟ್ಟಿಲು ಇಳಿದು, ಬಿಸಿಲಲ್ಲಿ ಸಿಂಹಾ ಬಾಯಿ ಕಿಟಕಿಯ ಹತ್ತಿರ ಬಂದು ನಿಂತರು. ಇನ್ನು ಕೂತಿರುವುದು ಮರ್ಯಾದೆಯಲ್ಲ ಎಂದು ದೂಮಪ್ಪ ಬಾಗಿಲು ತೆರೆದ.

“ಸಿಟ್ಟು ಬಂತೇನಪಾ?”

“ಮತ್ತೆಂಥ ಅಮ್ಮ? ಇಷ್ಟು ಪ್ರಾಯದವರು ನೀವೂ ತಮಾಷೆ ಮಾಡಿದ್ರೆ ನಾನು ಯಾರ ಹತ್ರ ಹೇಳುದು?”

“ನಾ ಯಾಕ ಚಾಷ್ಟಿ ಮಾಡ್ಲಿ? ಕೇಳ ಇಲ್ಲೆ. ನಮ್ಮ ಮಂದಿ ಗುಲಾಮಗಿರಿ ಬಿಟ್ಟು ಓಡಿ ಬಂದು ನಲವತ್ತು ವರ್ಷ ಮರಳುಗಾಡಿನ್ಯಾಗ ಅಡ್ಡಾಡಿದ್ರು. ಆವಾಗ ಗಟ್ಟಿ ಮನಿ ಎಲ್ಲಿತ್ತು? ಇಂಥಾ ಹಂದರದಾಗ ಇದ್ರು. ಅದನ್ನ ಮರೀಬಾರದಂತ ವರ್ಷಕ್ಕ ಏಳು ದಿನ ಮನಿ ಬಿಟ್ಟು ಹೊರಗ ಹಂದರದಾಗ ಕೂಡ್ತೀವಿ, ಅಲ್ಲೇ ಉಣ್ತೀವಿ. ಸುಕ್ಕೋತ್ ಅಂತಾರ ಈ ಹಬ್ಬಕ್ಕ. ಮ್ಯಾಲೆ ಚಿಕ್ಕಿ ಕಾಣಬೇಕು.”

“ಯಾವ ಚಿಕ್ಕಿ? ನೆಲಗಡಲೆಯದ್ದಾ?” ಎಂದು ಹಿಂದಿನಿಂದ ಉಮರಬ್ಬ ಬಾಯಿ ಹಾಕಿದ.

“ಆಕಾಶದಾಗಿಂದು ಮಾರಾಯಾ! ನಕ್ಷತ್ರ! ಬಿಸಲಿಗಿಂತ ನೆರಳು ಹೆಚ್ಚಿರಬೇಕು ಖರೆ, ಆದ್ರ ಎಲಿ ಸಂದ್ಯಾಗಿಂದ ಚಿಕ್ಕಿ ಕಾಣಬೇಕು, ಮಳಿ ಬಂದ್ರ ಸಾರಿನ ಬಟ್ಟಲದಾಗ ಬೀಳಬೇಕು. ಮಳೀನ ಬರಲಾರದಂಗ ಕಟ್ಟಿದ್ರ ಅದು ಮತ್ತ ಮನೀನ ಆತಲ್ಲೋ ತಮ್ಮಾ, ಹಂದರ ಎಲ್ಲಾತು? ನಮ್ಮ ತಲಿ ಮ್ಯಾಲಿಂದು ನಮ್ಮ ಕೈಯಾಗಿಲ್ಲ ಅಂತ ನೆನಪಿಡಾಕ ಈ ಹಬ್ಬ. ಹಂಗಿದ್ದೂ ಸಂತೋಷದಿಂದ ಇರಬೇಕು. ಅದೂ ದೇವರ ಅಪ್ಪಣಿನ.”

ದೂಮಪ್ಪ ಗಾಡಿಯಿಂದ ಇಳಿದ. ಎರಡೆರಡು ವರ್ಷಕ್ಕೆ ನವೀಕರಿಸುವ ವೀಸಾ, ಇಂದೋ ನಾಳೆಯೋ ಬಿಡಬೇಕಾದ ಬಾಡಿಗೆ ಕೋಣೆ, ಸುತ್ತ ಮರಳು. ಇವರು ವರ್ಷಕ್ಕೆ ಏಳು ದಿನ ಮಾಡುವ ಹಬ್ಬವನ್ನು ತಾನು ಮೂವತ್ತೊಂದು ವರ್ಷ ಬಿಡದೆ ಮಾಡಿದ್ದೇನಲ್ಲ, ಸಂತೋಷ ಒಂದನ್ನು ಬಿಟ್ಟು, ಎಂದು ಅವನಿಗೆ ಹೊಳೆಯಿತು.

“ಅಂದ್ರೆ ಅಮ್ಮ,” ಎಂದು ಅವನು ಒಂದೊಂದೇ ಶಬ್ದ ತೂಗಿ ಕೇಳಿದ, “ನಿಮ್ಮಲ್ಲಿ ಸೋರುದು ತಪ್ಪಲ್ಲವಾ?”

“ಸೋರಲಿಲ್ಲ ಅಂದ್ರನ ತಪ್ಪು!”

ದೂಮಪ್ಪನ ಹೊಟ್ಟೆಯೊಳಗಿಂದ ನಗು ಎದ್ದು ಬಂತು. ತಡೆಯಲು ನೋಡಿದ, ಆಗಲಿಲ್ಲ. ಇಡೀ ಭೂಮಿಯಲ್ಲಿ ಸೋರುವ ಚಪ್ಪರವೇ ಬೇಕೆಂದು ದೇವರಿಗೆ ನಡೆದುಕೊಳ್ಳುವ ಜನ ಇವರು. ಅಂಥವರ ಅಂಗಳದಲ್ಲಿ ಮೂರು ದಿನ ಕೂತು ಒಂದೊಂದೇ ತೂತು ಮುಚ್ಚಿದವನು ತಾನು! ಅವನು ನಗುವುದನ್ನು ನೋಡಿ ಉಮರಬ್ಬನಿಗೆ ಧೈರ್ಯ ಬಂತು.

“ರೂಬೆನ್ ಸಾರ್ ಅವತ್ತೇ ಹೇಳಿದ್ರು ಮಾರಾಯ, ಸಂದು ಇರ್ಬೇಕು, ಆಕಾಶ ಕಾಣ್ಬೇಕು ಅಂತ. ನಾನೇ ನುಂಗಿದ್ದು. ಸೋರುವ ಚಪ್ಪರ ಹಾಕು ಅಂತ ನಿನ್ನ ಹತ್ರ ಹೇಳಿದ್ರೆ ನೀನು ನನ್ನ ಸೊಂಟ ಮುರೀತಿದ್ದಿ.”

“ಮುರೀತಿದ್ದೆ” ಎಂದು ಒಪ್ಪಿಕೊಂಡ ದೂಮಪ್ಪ, “ಈಗ ಗಂಟೆ ಎಷ್ಟು?”

ನಾಲ್ಕು ದಾಟಿತ್ತು. ಹೊತ್ತು ಮುಳುಗಲು ಒಂದೂವರೆ ಗಂಟೆ. ಮುಳುಗಿದ ಮೇಲೆ ಕಟ್ಟುವ ಹಾಗಿಲ್ಲ, ಕೀಳುವ ಹಾಗಿಲ್ಲ, ಹಬ್ಬದಲ್ಲಿ ಕೆಲಸ ನಿಷಿದ್ಧ ಎಂದರು ಸಿಂಹಾ ಬಾಯಿ. ಅಷ್ಟೇ ಅಲ್ಲ, ಇನ್ನೊಂದು ತೊಡಕೂ ಇತ್ತು. “ಗ್ವಾಡಿ ಮೊದಲ ಆಗಬೇಕು, ಆಮ್ಯಾಲ ಎಲಿ ಹಾಸೂದು. ನೀ ಉಲ್ಟಾ ಮಾಡೀದಿ.” ಮೊದಲು ಮಾಡು, ಆಮೇಲೆ ಗೋಡೆ ಎಂಬುದು ದೂಮಪ್ಪನ ಊರಿನ ಕ್ರಮ.

“ಗೋಡೆ ಈಗ ಹೇಗೂ ನಿಂತಾಯ್ತಲ್ಲ ಅಮ್ಮ. ಮಾಡು ಪೂರ್ತಿ ಇಳಿಸಿ ಹೊಸತಾಗಿ ಹಾಸಿದ್ರೆ ಎರಡೂ ಸರಿಯಾಯ್ತು. ಯಲ್ಲಾ, ನಡಿ ಉಮರಬ್ಬ, ಏಣಿ ಹಿಡಿ!”

ಮೂರು ದಿನ ಕಟ್ಟಿದ್ದನ್ನು ಅವನು ಇಪ್ಪತ್ತು ನಿಮಿಷದಲ್ಲಿ ಬಿಚ್ಚಿ ಬಿಸಾಡಿದ. ಬಿಚ್ಚುವಾಗ ಕೈ ಒಂದು ಸಲವೂ ತಡವರಿಸಲಿಲ್ಲ. ಹಾಸುವುದು ಮಾತ್ರ ಅಷ್ಟು ಸುಲಭವಿರಲಿಲ್ಲ. ಪೂರ್ತಿ ಮುಚ್ಚುವುದು ಯಾರಿಗೂ ಬರುತ್ತದೆ, ಪೂರ್ತಿ ಬಿಡುವುದೂ ಬರುತ್ತದೆ. ನೆರಳನ್ನೂ ಕೊಟ್ಟು ಆಕಾಶವನ್ನೂ ಬಿಡುವ ಹದ ಎಲ್ಲಿದೆ ಎಂದು ಅವನು ಎರಡು ಸಲ ತಪ್ಪಿದ. ಒಂದು ಸಲ ತೀರ ದಟ್ಟವಾಯಿತು, ಇನ್ನೊಂದು ಸಲ ತೀರ ಬೋಳಾಯಿತು. ಆಮೇಲೆ ಕೆಳಗಿಳಿದು ನೆಲದ ಮೇಲೆ ಅಂಗಾತ ಮಲಗಿ, ಮೇಲೆ ನೋಡುತ್ತಾ, “ಆ ಗರಿ ಒಂದು ಗೇಣು ಅತ್ತ… ಇದು ಇತ್ತ… ಸಾಕು!” ಎಂದು ಹೇಳತೊಡಗಿದ. ವಿನೋದಾ ಏಣಿಯ ಮೇಲೆ, ಉಮರಬ್ಬ ಮತ್ತೊಂದು ಬದಿಯಲ್ಲಿ ಸ್ಟೂಲಿನ ಮೇಲೆ. ಹೆಣೆಯಲು ಒಪ್ಪದೆ ಸೆಟೆದು ನಿಲ್ಲುತ್ತಿದ್ದ ಅದೇ ಖರ್ಜೂರದ ಗರಿ, ಸುಮ್ಮನೆ ಅಡ್ಡಡ್ಡ ಹಾಸಿದರೆ ಎಷ್ಟು ಸಂದು ಬೇಕೋ ಅಷ್ಟನ್ನೇ ತಾನಾಗಿ ಬಿಟ್ಟು ಮಲಗುತ್ತಿತ್ತು. ಮಲಗಿದಲ್ಲೇ ದೂಮಪ್ಪನಿಗೆ ನೆನಪಾಯಿತು. ಸಹಮ್‌ನಲ್ಲಿ ಅವತ್ತು ಹಾಸಿದ್ದೂ ಹೀಗೆಯೇ.

ಐದು ಗಂಟೆಗೆ ಸುಮಿತ್‌ನ ವ್ಯಾನು ಬಂತು. ಮೇಜು ಕುರ್ಚಿ ಬಾಡಿಗೆಗೆ ಹೇಳಿದ್ದರು. ಅವನು ಇಳಿದು, ಮೇಲೆ ಗರಿ ಜರುಗಿಸಿ ಸಂದು ಮಾಡುತ್ತಿದ್ದವರನ್ನೂ ಕೆಳಗೆ ಮಲಗಿ ಅಪ್ಪಣೆ ಕೊಡುತ್ತಿದ್ದವನನ್ನೂ ನೋಡಿದ. ನಗು ತಡೆಯಲಾಗಲಿಲ್ಲ.

“ಎಂಥ ದೂಮಪ್ಪಣ್ಣ, ಈ ಸಲ ಮಳೆಗೂ ಕಾಯುದಿಲ್ಲವಾ? ಮೊದಲೇ ತೂತು?” ಎಂದವನು ಸಿಂಹಾ ಬಾಯಿಯತ್ತ ತಿರುಗಿ, “ಅಮ್ಮ, ನನ್ನ ಹತ್ರ ಅಲ್ಯುಮಿನಿಯಂ ಟೆಂಟ್ ಉಂಟು. ವಾಟರ್‌ಪ್ರೂಫ್, ಗ್ಯಾರಂಟಿ. ಅರ್ಧ ಗಂಟೆಯಲ್ಲಿ ನಿಲ್ಲಿಸಿ ಕೊಡ್ತೇನೆ” ಎಂದ.

ಸಿಂಹಾ ಬಾಯಿ ಊರುಗೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದರು. ಆಗ ಅವರ ಹೆಸರಿಗೆ ಸಂತೋಷ ಎಂಬ ಅರ್ಥ ಹೋಗಿ ಕನ್ನಡದ ಅರ್ಥವೇ ಬಂತು.

“ನಿನ್ನ ಟೆಂಟಿನ್ಯಾಗ ಕುಂತ್ರ ನಂದು ಹಬ್ಬನ ಆಗಂಗಿಲ್ಲ. ಕುಂತಂಗೂ ಅಲ್ಲ, ಉಂಡಂಗೂ ಅಲ್ಲ. ಇದು ನಮ್ಮ ಧರ್ಮದ ಹಂದರ, ಇದು ಸೋರಬೇಕು. ಹನ್ನೊಂದು ವರ್ಷದ ಮ್ಯಾಲೆ ಕಟ್ಟಾವ ಒಬ್ಬ ಸಿಕ್ಕಾನ. ನೋಡಾಕ ಬರದಿದ್ರ ಸುಮ್ನ ಕುರ್ಚಿ ಇಳಸು!”

ಸುಮಿತ್ ಕುರ್ಚಿ ಇಳಿಸಿದ. ಒಂದೊಂದೇ ಕುರ್ಚಿ ತಂದಿಡುವಾಗ ಮೇಲೆ ನೋಡುತ್ತಿದ್ದ. ಕಡೆಗೆ ಒಂದು ಗರಿ ಜಾರುವುದನ್ನು ಕಂಡು ತಾನೇ ಕುರ್ಚಿ ಹತ್ತಿ ಸರಿ ಮಾಡಿದ. “ಒಂದು ಗೇಣು ಅತ್ತ” ಎಂದ ನೆಲದಿಂದ ದೂಮಪ್ಪ. ಸುಮಿತ್ ಒಂದು ಗೇಣು ಅತ್ತ ಜರುಗಿಸಿದ.

ಸೂರ್ಯ ಎದುರಿನ ಫ್ಲಾಟುಗಳ ಹಿಂದೆ ಇಳಿಯುವಾಗ ಕೊನೆಯ ಗರಿ ಬಿತ್ತು. ಸಿಂಹಾ ಬಾಯಿ ಸೆರಗು ತಲೆಗೆ ಹೊದ್ದು ಎರಡು ಮೇಣದ ಬತ್ತಿ ಹಚ್ಚಿ, ಕಣ್ಣು ಮುಚ್ಚಿ ಹೀಬ್ರೂವಿನಲ್ಲಿ ಪಿಸುಗುಟ್ಟಿದರು. ಮೇಜಿನ ಮೇಲೆ ಪರೀಕ್ಷೆ ಪಾಸಾದ ಮಾದಲ ಹಣ್ಣು. ಅದರ ಪಕ್ಕದಲ್ಲಿ ನಾಳೆ ಬೆಳಿಗ್ಗೆಯ ಪ್ರಾರ್ಥನೆಗೆಂದು ಸಹಮ್‌ನಿಂದ ತಂದ, ಇನ್ನೂ ಬಿಚ್ಚದ ಖರ್ಜೂರದ ಸುಳಿ. ದೂಮಪ್ಪ ಬಟ್ಟೆ ಕೊಡವಿಕೊಂಡು ಹೊರಡಲು ನೋಡಿದರೆ, “ಎಲ್ಲಿಗೆ? ಮಂದಿ ಇಲ್ಲದ ಹಂದರ ಅದೆಂಥಾ ಹಂದರ? ಮೊದಲನೇ ದಿನ ಕಣ್ಣಿಗೆ ಕಾಣಲಾರದ ಅತಿಥಿ ನಮ್ಮ ಮೂಲಪುರುಷ ಅಬ್ರಹಾಮ. ಅವರು ಬಂದು ಕೂಡ್ತಾರ, ನೀವೂ ಕೂಡ್ರಿ” ಎಂದು ಎಲ್ಲರನ್ನೂ ಕೂರಿಸಿದರು.

“ನಮ್ಮ ಇಬ್ರಾಹಿಂ ನೆಬಿಯಾ?” ಎಂದ ಉಮರಬ್ಬ.

“ಅವರನ.”

ಉಮರಬ್ಬ ಟೊಪ್ಪಿ ಸರಿಮಾಡಿಕೊಂಡು ಸ್ವಲ್ಪ ಜಾಗ ಬಿಟ್ಟು ಕುಳಿತ.

ರೂಬೆನ್ ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತಿನ ಲೋಟ ಎತ್ತಿ ಮಂತ್ರ ಹೇಳಿದ. ಎಲ್ಲರ ಕಣ್ಣೂ ಮೇಲೆ. ಆಕಾಶದ ನೀಲಿ ಕಪ್ಪಾಗುತ್ತಾ ಬಂತು. ಮೊದಲು ವಿನೋದಾ ಕಂಡಳು. “ಅಗೋ!” ಎಂದಳು. ಎರಡು ಗರಿಗಳ ನಡುವೆ, ದೂಮಪ್ಪ ಅತ್ತ ಇತ್ತ ಮಾಡಿಸಿದ ಆ ಒಂದು ಗೇಣಿನಲ್ಲಿ, ಒಂದು ನಕ್ಷತ್ರ. ಆಮೇಲೆ ಇನ್ನೊಂದು. ಆಮೇಲೆ ಮೂರನೆಯದು. ಪೂರ್ವದ ಚಾಪೆಯ ಮೇಲಿನಿಂದ ಹುಣ್ಣಿಮೆಯ ಚಂದ್ರ ಎದ್ದು ಬಂದು ಗರಿಯ ನೆರಳನ್ನು ಮೇಜಿನ ಬಿಳಿ ಬಟ್ಟೆಯ ತುಂಬ ಬಿಡಿಸಿದ.

ಸಿಂಹಾ ಬಾಯಿ ಅತ್ತರು, ಅಳುತ್ತಲೇ ನಕ್ಕರು. “ಹುಬ್ಬಳ್ಳ್ಯಾಗ ನಮ್ಮ ಯಜಮಾನ್ರು ಹಿಂಗ ಹಾಸ್ತಿದ್ರು. ಓಣಿಯವರು ಸೀಗಿ ಹುಣ್ಣಿಮಿ ಅಂತ ಹೊಲಕ್ಕ ಬುತ್ತಿ ಕಟಗೊಂಡು ಹೋಗ್ತಿದ್ರು, ನಾವು ಹಂದರದಾಗ ಕೂಡ್ತಿದ್ವಿ. ಚಂದ್ರಾಮ ಒಬ್ಬನ ಇಬ್ಬರಿಗೂ” ಎಂದರು. ಆಮೇಲೆ ದೂಮಪ್ಪನ ಎರಡೂ ಕೈ ಹಿಡಿದು, ಮುಳ್ಳು ಗೀರಿದ ಆ ಕೈಗಳನ್ನು ಹಣೆಗೆ ಒತ್ತಿಕೊಂಡರು. ದೂಮಪ್ಪನ ಎದೆ ಉಬ್ಬಿತು. ಅವನು ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಇಷ್ಟು ಎತ್ತರ ಅವನು ಯಾವ ಏಣಿಯ ಮೇಲೂ ನಿಂತಿರಲಿಲ್ಲ.

ತೆಂಗಿನ ಹಾಲಿನ ಕೋಳಿಸಾರು, ಚಪಾತಿ ಬಂತು. ಊಟದ ನಡುವೆ ಸುಮಿತ್ ನಾಲ್ಕು ಸಲ ಕೆಮ್ಮಿದ, ಅವತ್ತಿನ ಅವನ ಮೈಕಿನ ಹಾಗೆ.

“ದೂಮಪ್ಪಣ್ಣ, ದೀಪಾವಳಿಗೆ ನಮ್ಮ ಸಂಘದ ಕಾರ್ಯಕ್ರಮ ಉಂಟು. ನೀವು ಊರಿಗೆ ಹೋಗುವ ಮೊದಲೇ ಬರ್ತದೆ. ಟೆಂಟ್ ಬೇಡ. ಹೀಗೇ ನಕ್ಷತ್ರ ಕಾಣುವ ಹಾಗೆ ಒಂದು ಚಪ್ಪರ ನೀವು ಹಾಕಿಕೊಡ್ಬೇಕು.”

“ಮಳೆ ಬಂದ್ರೆ?”

“ಬರ್ಲಿ” ಎಂದ ಸುಮಿತ್. ಆಮೇಲೆ ತಲೆ ತಗ್ಗಿಸಿ, “ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಹಾಕಿಸ್ತೇನೆ. ‘ಚಪ್ಪರ: ಶ್ರೀ ದೂಮಪ್ಪ’ ಅಂತ. ಆ ಹಳೆಯ ಮಾತು ನಾನು ಹೇಳಿದ್ದು… ಅದನ್ನು ಬಿಟ್ಟುಬಿಡಿ” ಎಂದ.

ದೂಮಪ್ಪ ಚಪಾತಿಯ ಕೊನೆಯ ತುಂಡನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, ನಿಧಾನವಾಗಿ ಅಗಿದು, ಮೇಲೆ ನಕ್ಷತ್ರದತ್ತ ಒಮ್ಮೆ ನೋಡಿದ.

“ಬಿಡುದೆಂಥಕ್ಕೆ?” ಎಂದ. “ಬರೀ ದೂಮಪ್ಪ ಅಂದ್ರೆ ಯಾರಿಗೆ ಗೊತ್ತಾಗ್ತದೆ ಮಾರಾಯ? ಸೋರುವ ದೂಮಪ್ಪ ಅಂತ ಪೂರ್ತಿ ಹೆಸರು ಹಾಕ್ಸು. ದೊಡ್ಡ ಅಕ್ಷರದಲ್ಲಿ.”